ತೊಂಬತ್ತು ನಂಬರ್ ಹಾಕಿ ಅನ್ನಬೇಡಿ
ಗೇರ್‌ಬಾಕ್ಸ್ ಎಣ್ಣೆ: ಮಾಡಬೇಕಾದ್ದು, ಮಾಡಬಾರದ್ದು

ಕೈಯಿಂದ ಗೇರ್ ಹಾಕುವ ಕಾರು ಇರುವವರಿಗೆಲ್ಲ ಈ ಸೂಚನೆ. ಪೂರಾ ಆಟೋಮ್ಯಾಟಿಕ್ ಕಾರಿನವರು ಪುಟ ತಿರುವಿ ಮುಂದೆ ಹೋಗಬಹುದು. ಎಎಂಟಿ ಕಾರಿನವರು ಮಾತ್ರ ಹೋಗಬಾರದು. ಅವರ ಪಾಲಿನದು ಕೆಳಗೆ ಬರುತ್ತದೆ.

ಇಂಜಿನ್ ಆಯಿಲ್ ವಿಷಯದಲ್ಲಿ ನಮ್ಮ ಜನ ಈಗ ಚುರುಕು. ಡಬ್ಬ ತಿರುಗಿಸಿ ನೋಡುತ್ತಾರೆ, ಸಿಂಥೆಟಿಕ್ಕೋ ಅಲ್ಲವೋ ಕೇಳುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಗೇರ್‌ಬಾಕ್ಸ್ ಸರದಿ ಬಂದಾಗ ಮಾತ್ರ "ತೊಂಬತ್ತು ನಂಬರ್ ಹಾಕಿಬಿಡಪ್ಪ" ಅಂದು ಟೀ ಕುಡಿಯಲು ಹೋಗುತ್ತಾರೆ. ತೊಂಬತ್ತು ಅನ್ನುವುದು ಎಣ್ಣೆ ಬಿಸಿಯಾದಾಗ ಎಷ್ಟು ದಪ್ಪವಿರುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಅದರೊಳಗೆ ಏನೇನು ಬೆರೆಸಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ. ಗೇರ್‌ಬಾಕ್ಸ್ ಬಾಳುವುದೂ ಹಾಳಾಗುವುದೂ ಹೆಚ್ಚಾಗಿ ಆ ಬೆರಕೆಯಿಂದ.

ಮಾಡಬೇಕಾದ್ದು: ಮೊದಲು ಕಾರಿನ ಪುಸ್ತಕ ತೆಗೆಯಿರಿ

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ವಿಮೆ ಕಾಗದದ ಅಡಿ ಬಿದ್ದಿರುತ್ತದಲ್ಲ, ಅದೇ ಪುಸ್ತಕ. ಕೊನೆಯ ಪುಟಗಳಲ್ಲಿ ಎಣ್ಣೆಗಳ ಪಟ್ಟಿ ಇರುತ್ತದೆ. 'ಮ್ಯಾನುಯಲ್ ಟ್ರಾನ್ಸ್‌ಮಿಷನ್' ಅಥವಾ 'ಟ್ರಾನ್ಸ್ಆಕ್ಸಲ್' ಅಂತ ಬರೆದ ಸಾಲು ಹುಡುಕಿ, ಮೂರು ಸಂಗತಿ ಒಂದು ಚೀಟಿಗೆ ಇಳಿಸಿಕೊಳ್ಳಿ: ಜಿಎಲ್ ದರ್ಜೆ (ಜಿಎಲ್-4 ಅಥವಾ ಜಿಎಲ್-5), ದಪ್ಪದ ನಂಬರ್ (75ಡಬ್ಲ್ಯೂ-90, 80ಡಬ್ಲ್ಯೂ-90 ಈ ತರಹ), ಎಷ್ಟು ಲೀಟರ್. ಆ ಚೀಟಿ ಕೈಯಲ್ಲಿಲ್ಲದೆ ಅಂಗಡಿಗೆ ಹೋಗಬಾರದು. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಎಷ್ಟೇ ಅನುಭವಿಗಳಾಗಿರಲಿ, ಕೌಂಟರಿನ ಆಚೆ ನಿಂತು ನಿಮ್ಮ ಕಾರಿನ ಒಳಗನ್ನು ನೋಡಲಾರರು.

ಕೆಲವು ಕಂಪನಿಗಳು ಜಿಎಲ್ ದರ್ಜೆ ಬರೆಯದೆ ತಮ್ಮದೇ ಹೆಸರು ಬರೆದಿರುತ್ತವೆ. ಹೋಂಡಾ ತನ್ನ ಎಂಟಿಎಫ್ (ಮ್ಯಾನುಯಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅನ್ನೇ ಹಾಕಿ ಅನ್ನುತ್ತದೆ. ಆಗ ವಾದ ಬೇಡ. ಅದನ್ನೇ ತಂದು ಹಾಕಿ. ಇಡೀ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೂಲಿಯ ಮುಂದೆ ಆ ಬೆಲೆ ಏನೂ ಅಲ್ಲ. ಪುಸ್ತಕ ಕಳೆದಿದ್ದರೆ ಕಂಪನಿಯ ಜಾಲತಾಣದಲ್ಲಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನ ಬಿಡಿಭಾಗದ ಕೌಂಟರಿನಲ್ಲಿ ಮಾಡೆಲ್ಲು, ವರ್ಷ ಹೇಳಿ ಕೇಳಿ. ಒಂದೇ ಹೆಸರಿನ ಕಾರಿಗೆ ಪೆಟ್ರೋಲ್‌ನಲ್ಲಿ ಒಂದು ಗೇರ್‌ಬಾಕ್ಸ್, ಡೀಸೆಲ್‌ನಲ್ಲಿ ಇನ್ನೊಂದು ಇರುವುದುಂಟು. ಪಕ್ಕದ ಮನೆಯವರ ಕಾರೂ ಅದೇ ಅನ್ನುವುದು ಪುರಾವೆಯಲ್ಲ.

ಮಾಡಬಾರದ್ದು: ನಾಲ್ಕಕ್ಕಿಂತ ಐದು ದೊಡ್ಡದು ಅಂದುಕೊಳ್ಳಬಾರದು

ಎಷ್ಟೋ ಗೇರ್‌ಬಾಕ್ಸ್‌ಗಳು ನರಳುವುದು ಈ ಒಂದು ತಪ್ಪಿಗೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಜಿಎಲ್ ಅನ್ನುವುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಟ್ಟ ದರ್ಜೆ. ಅದು ಪರೀಕ್ಷೆಯ ಅಂಕವಲ್ಲ, ಜಿಎಲ್-5 ಅನ್ನುವುದು ಜಿಎಲ್-4ರ ಸುಧಾರಿತ ರೂಪವೂ ಅಲ್ಲ. ಎರಡೂ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದ ಎಣ್ಣೆಗಳು.

ಜಿಎಲ್-5 ಇರುವುದು ಹೈಪಾಯ್ಡ್ ಗೇರಿಗಾಗಿ. ಹಿಂದಿನ ಚಕ್ರ ಎಳೆಯುವ ಗಾಡಿಗಳ ಹೌಸಿಂಗ್ (ಹಿಂದಿನ ಡಿಫರೆನ್ಷಿಯಲ್ ಗೂಡು) ಒಳಗಿರುವ ಕ್ರೌನ್-ಪಿನಿಯನ್ ಅಂಥದ್ದು. 1926ರಲ್ಲಿ ಪ್ಯಾಕರ್ಡ್ ಕಾರಿನಲ್ಲಿ ಬಂದ ಈ ಏರ್ಪಾಡಿನಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಸೇರದೆ ಕೆಳಗೆ ಸರಿದು ಕೂರುತ್ತದೆ. ಅದರಿಂದ ಪ್ರೊಪೆಲ್ಲರ್ ಶಾಫ್ಟ್ ತಗ್ಗಿತು, ಕಾರಿನ ನೆಲವೂ ತಗ್ಗಿತು. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಉದ್ದಕ್ಕೂ ಜಾರಿ ಉಜ್ಜುತ್ತದೆ. ಆ ಒತ್ತಡಕ್ಕೆ ಬರಿಯ ಎಣ್ಣೆಯ ಪದರ ನಿಲ್ಲುವುದಿಲ್ಲ. ಅದಕ್ಕೇ ಗಂಧಕ ಮತ್ತು ರಂಜಕದ ರಾಸಾಯನಿಕ ಬೆರೆಸುತ್ತಾರೆ. ಬಿಸಿ ಏರಿದಾಗ ಅದು ಉಕ್ಕಿನ ಮೈಮೇಲೆ ತೆಳು ಪೊರೆ ಕಟ್ಟುತ್ತದೆ. ಸವೆಯುವುದು ಪೊರೆ, ಉಳಿಯುವುದು ಹಲ್ಲು. ಗೇರ್ ಆಯಿಲ್ ಡಬ್ಬ ತೆರೆದಾಗ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಈ ಗಂಧಕದ್ದು. ಜಿಎಲ್-5ರಲ್ಲಿ ಈ ಬೆರಕೆ ಜಿಎಲ್-4ಕ್ಕಿಂತ ಸರಿಸುಮಾರು ಎರಡು ಪಟ್ಟು.

ಇನ್ನು ಗೇರ್‌ಬಾಕ್ಸ್ ಒಳಗೆ ಬನ್ನಿ. ಅಲ್ಲಿ ಸಿಂಕ್ರೊನೈಸರ್ ರಿಂಗ್ ಅಂತ ಹಿತ್ತಾಳೆ ಬಳೆಗಳಿವೆ, ಬಹುಪಾಲು ಕಾರುಗಳಲ್ಲಿ ಹಿತ್ತಾಳೆ ಅಥವಾ ಕಂಚಿನ ಜಾತಿಯವೇ. 1928ರಲ್ಲಿ ಕ್ಯಾಡಿಲಾಕ್ ಇದನ್ನು ಮಾರುಕಟ್ಟೆಗೆ ತರುವವರೆಗೆ ಪ್ರತಿ ಗೇರಿಗೂ ಎರಡು ಸಲ ಕ್ಲಚ್ ಒತ್ತಿ, ಕೆಳಗಿನ ಗೇರಿಗಾದರೆ ನಡುವೆ ಆಕ್ಸಿಲರೇಟರ್ ತುಳಿದು ವೇಗ ಹೊಂದಿಸಬೇಕಿತ್ತು. ಹಳೆಯ ಲಾರಿ ಡ್ರೈವರುಗಳನ್ನು ಕೇಳಿ, ಕಾಲು ಆಡಿಸಿ ತೋರಿಸುತ್ತಾರೆ. ಈಗ ಆ ಕೆಲಸ ಬಳೆಯದು. ನೀವು ಮೂರರಿಂದ ಎರಡಕ್ಕೆ ತಂದಾಗ ಬಳೆ ಗೇರಿನ ಓರೆ ಮೈಗೆ ಒತ್ತಿಕೊಂಡು, ಉಜ್ಜಿ, ಎರಡರ ವೇಗವನ್ನೂ ಒಂದು ಮಾಡುತ್ತದೆ. ಆಮೇಲೆ ಹಲ್ಲು ಕೂರುತ್ತದೆ. ಅಂದರೆ ಅದೊಂದು ಸಣ್ಣ ಬ್ರೇಕು. ಬ್ರೇಕಿಗೆ ಹಿಡಿತ ಬೇಕು, ಜಾರಿಕೆ ಬೇಡ.

ಅಂಥ ಜಾಗಕ್ಕೆ ಜಿಎಲ್-5 ಸುರಿದರೆ ಎರಡು ಕೇಡು. ಒಂದು, ಬಳೆ ಜಾರುತ್ತದೆ. ವೇಗ ಒಂದಾಗುವ ಮೊದಲೇ ಹಲ್ಲಿಗೆ ಹಲ್ಲು ಬಡಿದು 'ಕರ್‌ರ್' ಅನ್ನುತ್ತದೆ. ಎರಡು, ಎಣ್ಣೆಯ ಗಂಧಕ ಬಿಸಿಯಲ್ಲಿ ಹಿತ್ತಾಳೆಯ ತಾಮ್ರದ ಜೊತೆ ಸೇರಿ ಕಪ್ಪು ಪೊರೆಯಾಗುತ್ತದೆ. ಉಕ್ಕಿನ ಮೈಯನ್ನು ಕಾಯುವ ಪೊರೆ ಹಿತ್ತಾಳೆಯ ಮೇಲೆ ಕಚ್ಚಿಕೊಂಡು ನಿಲ್ಲುವುದಿಲ್ಲ, ಕಳಚಿ ಬರುವಾಗ ಬಳೆಯ ಮೈಯನ್ನೂ ಕಿತ್ತು ತರುತ್ತದೆ. ಇವತ್ತಿನ ಕೆಲವು ಒಳ್ಳೆಯ ಜಿಎಲ್-5 ಎಣ್ಣೆಗಳಲ್ಲಿ ತಾಮ್ರಕ್ಕೆ ತಾಗದಂತೆ ತಡೆಯುವ ರಾಸಾಯನಿಕವೂ ಇದೆ ನಿಜ. ಹಾಗೆಂದು ಜಾರುವ ಗುಣ ಹೋಗಲಿಲ್ಲ.

ಹೇಳುವವನೂ ಪೆಟ್ಟು ತಿಂದವನೇ. ನನ್ನ ಮೊದಲ ಕಾರು ಒಂದು ಸಣ್ಣ ಹಳೆಯ ಕಾರು. ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ "ಸಾರ್, ಇದು ಜಾಸ್ತಿ ರೇಟಿಂದು, ಫೈವ್" ಅಂದರು, ನಾನು ಹಿಗ್ಗಿ ದುಡ್ಡು ಕೊಟ್ಟೆ. ಮೊದಲ ವಾರ ಗೇರ್ ಬೆಣ್ಣೆಯ ಹಾಗೆ. ಒಂದು ತಿಂಗಳು ಕಳೆಯುವುದರೊಳಗೆ ಬೆಳಗಿನ ಹೊತ್ತು ಎರಡನೇ ಗೇರು ಕೂಗತೊಡಗಿತು. ಚಾರ್ಮಾಡಿ ಇಳಿಯುವಾಗ ಮೂರರಿಂದ ಎರಡಕ್ಕೆ ತರಲು ಹೋದರೆ ಲಿವರ್ ಕೈಯನ್ನೇ ಹಿಂದಕ್ಕೆ ತಳ್ಳಿತು. ಎಣ್ಣೆ ಬಸಿದಾಗ ಟ್ರೇಯಲ್ಲಿ ಚಿನ್ನದ ಪುಡಿ ತೂರಿದಂತೆ ಹೊಳಪು. ನೋಡಲು ಚಂದವೇ. ಆ ಹೊಳಪು ನನ್ನ ಬಳೆಗಳದ್ದು.

ಆದ್ದರಿಂದ ಖಂಡಿತ ಮಾತು: ಪುಸ್ತಕ ಜಿಎಲ್-4 ಅಂದರೆ ಜಿಎಲ್-4. ಪುಸ್ತಕವೇ ಜಿಎಲ್-5 ಅಂದರೆ ಜಿಎಲ್-5, ಅಲ್ಲಿ ಈ ಲೇಖನ ಓದಿದ ಜಾಣತನ ತೋರಿಸಿ ನಾಲ್ಕಕ್ಕೆ ಇಳಿಯಬಾರದು. ಸುಬಾರು ಕಾರುಗಳಲ್ಲಿ ಗೇರ್‌ಬಾಕ್ಸೂ ಹೈಪಾಯ್ಡ್ ಗೇರೂ ಒಂದೇ ಗೂಡಿನಲ್ಲಿದ್ದು ಒಂದೇ ಎಣ್ಣೆ ಕುಡಿಯುತ್ತವೆ. ಅವುಗಳ ಬಳೆಯನ್ನು ಆ ಎಣ್ಣೆಗೆ ತಕ್ಕಂತೆಯೇ ಮಾಡಿದ್ದಾರೆ. 'ಜಿಎಲ್-4/ಜಿಎಲ್-5' ಅಂತ ಎರಡನ್ನೂ ಬರೆದ ಡಬ್ಬವನ್ನು, ಪುಸ್ತಕ ಎರಡಕ್ಕೂ ಒಪ್ಪಿದ್ದರೆ ಮಾತ್ರ ಕೊಳ್ಳಿ. ಜಿಎಲ್-6 ಅಂತ ಬರೆದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಆ ದರ್ಜೆ ಬಳಕೆಯಿಂದ ಹೋಗಿದೆ, ಅದನ್ನು ಪರೀಕ್ಷಿಸುವ ಯಂತ್ರಗಳೇ ಈಗ ಇಲ್ಲ. ಎಂಟಿ-1 ಅಂದರೆ ಮ್ಯಾನುಯಲ್ ಟ್ರಾನ್ಸ್‌ಮಿಷನ್‌ಗೇ ಹೇಳಿ ಮಾಡಿಸಿದ್ದು ಅಂತ ತೋರುತ್ತದೆ. ಅಲ್ಲ, ಅದು ಸಿಂಕ್ರೊನೈಸರ್ ಇಲ್ಲದ ಬಸ್ಸು, ಲಾರಿಗಳ ಗೇರ್‌ಬಾಕ್ಸಿನದು.

ಮಾಡಬೇಕಾದ್ದು: ಎರಡು ಗೂಡಿದ್ದರೆ ಎರಡು ಎಣ್ಣೆ ಕೊಳ್ಳಿ

ಮುಂದಿನ ಚಕ್ರ ಎಳೆಯುವ ಇವತ್ತಿನ ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಡಬ್ಬಿಯಲ್ಲಿರುತ್ತವೆ, ಒಂದೇ ಎಣ್ಣೆ ಸಾಕು. ಅಂಬಾಸಡರ್, ಓಮ್ನಿ, ಸುಮೋ, ಬೊಲೆರೊ ಇಂಥವುಗಳಲ್ಲಿ ಗೇರ್‌ಬಾಕ್ಸ್ ಮುಂದೆ, ಹೌಸಿಂಗ್ ಹಿಂದೆ. ಜಿಪ್ಸಿಯಂಥ ನಾಲ್ಕು ಚಕ್ರದ ಗಾಡಿಗೆ ಟ್ರಾನ್ಸ್‌ಫರ್ ಕೇಸೂ ಮುಂದಿನ ಹೌಸಿಂಗೂ ಸೇರಿ ನಾಲ್ಕು ಕಡೆ. ಗ್ಯಾರೇಜಿನ ಹುಡುಗ ದೊಡ್ಡ ಕ್ಯಾನಿನಿಂದ ಎಲ್ಲಕ್ಕೂ ಒಂದೇ ಎಣ್ಣೆ ಬಿಡುವುದು ಇಂಥ ಗಾಡಿಗಳಲ್ಲೇ. ಪಕ್ಕದಲ್ಲಿ ನಿಂತು ನೋಡಿ. ಹೌಸಿಂಗಿಗೆ ಜಿಎಲ್-4 ಬಿದ್ದರೆ ಕ್ರೌನ್ ಸವೆಯುತ್ತದೆ, ಗೇರ್‌ಬಾಕ್ಸಿಗೆ ಜಿಎಲ್-5 ಬಿದ್ದರೆ ಬಳೆ. ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇರುವುದು ಸುಮ್ಮನೆ ಅಲ್ಲ.

ಮಾಡಬಾರದ್ದು: 75 ಕಂಡು ತೆಳು ಅಂತ ಹೆದರಬಾರದು

75ಡಬ್ಲ್ಯೂ-90ರಲ್ಲಿ ಎರಡು ಅಳತೆಗಳಿವೆ. ಡಬ್ಲ್ಯೂ ಜೊತೆಗಿರುವುದು ಚಳಿಯ ಗುಣ, ಕೊನೆಯದು ಬಿಸಿಯ ಗುಣ. 75ಡಬ್ಲ್ಯೂ ಎಣ್ಣೆ ಮೈನಸ್ 40 ಡಿಗ್ರಿಯಲ್ಲೂ ಗೊತ್ತುಮಾಡಿದ ಮಿತಿ ಮೀರಿ ಗಟ್ಟಿಯಾಗಬಾರದು, 80ಡಬ್ಲ್ಯೂ ಮೈನಸ್ 26ರಲ್ಲಿ, 85ಡಬ್ಲ್ಯೂ ಮೈನಸ್ 12ರಲ್ಲಿ. ಕರ್ನಾಟಕದಲ್ಲಿ ಅಂಥ ಚಳಿ ಎಲ್ಲೂ ಇಲ್ಲ ಅನ್ನುತ್ತೀರಿ. ಸರಿ. ಆದರೂ ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ, ಬೆಂಗಳೂರಿನ ಜನವರಿಯಲ್ಲಿ ಕೂಡ, ಮೊದಲ ಒಂದೆರಡು ಕಿಲೋಮೀಟರ್ ಎರಡನೇ ಗೇರು ಬಿಗಿ ಅನ್ನಿಸುವುದು ಎಣ್ಣೆ ಇನ್ನೂ ಗಟ್ಟಿಯಾಗಿರುವುದರಿಂದ. ಅಲ್ಲಿ 75ಡಬ್ಲ್ಯೂ ಕೈಗೆ ಹಗುರ. ಪುಸ್ತಕ ಎರಡಕ್ಕೂ ಅವಕಾಶ ಕೊಟ್ಟಿದ್ದರೆ ನಾನು ಆರಿಸುವುದು 75ಡಬ್ಲ್ಯೂ-90.

ಬಿಸಿಯ ಕಡೆಗೆ ಬಂದರೆ ಎರಡೂ 90. ರಾಯಚೂರಿನ ಮೇ ತಿಂಗಳಲ್ಲಾಗಲಿ, ಆಗುಂಬೆಯ ತಿರುವುಗಳನ್ನು ತುಂಬಿದ ಕಾರಿನಲ್ಲಿ ಎರಡನೇ ಗೇರಿನಲ್ಲೇ ಹತ್ತುವಾಗಾಗಲಿ ಎರಡೂ ಒಂದೇ ಸಾಲಿನ ದಪ್ಪ. 75 ಅಂದ ಮಾತ್ರಕ್ಕೆ ಬಿಸಿಲಿಗೆ ನೀರಾಗುವುದಿಲ್ಲ.

ಇನ್ನೊಂದು ಗೊಂದಲ. ಇಂಜಿನ್ ಆಯಿಲ್‌ನ 40 ಎಲ್ಲಿ, ಇದರ 90 ಎಲ್ಲಿ, ಎರಡು ಪಟ್ಟು ದಪ್ಪ ಅನ್ನುವವರಿದ್ದಾರೆ. ಎರಡಕ್ಕೂ ಅಳತೆಗೋಲೇ ಬೇರೆ, ಸೇರಿಗೂ ಕಿಲೋಗೂ ಇದ್ದ ಹಾಗೆ. 100 ಡಿಗ್ರಿ ಬಿಸಿಯಲ್ಲಿ ಗೇರ್ ಆಯಿಲ್‌ನ 90 ಅನ್ನುವುದು 13.5ರಿಂದ 18.5 ಸೆಂಟಿಸ್ಟೋಕ್ ಒಳಗೆ. ಇಂಜಿನ್ ಆಯಿಲ್‌ನ 40 ಮತ್ತು 50 ಬರುವುದೂ ಹೆಚ್ಚು ಕಡಿಮೆ ಅಲ್ಲೇ.

ಮಾಡಬಾರದ್ದು: ಸದ್ದು ಅಡಗಿಸಲು 140 ನಂಬರ್ ಹಾಕಬಾರದು

ಟ್ರ್ಯಾಕ್ಟರು, ಭಾರದ ಲಾರಿಗಳ ಕಡೆಯ ಎಣ್ಣೆ ಅದು. ಬೇರಿಂಗ್ ಸವೆದು ಗುಂಯ್‌ಗುಡುವ ಗೇರ್‌ಬಾಕ್ಸಿಗೆ ಅದನ್ನು ತುಂಬಿದರೆ ಸದ್ದು ತಗ್ಗುವುದು ನಿಜ. ಮುಲಾಮು ಹಚ್ಚಿ ಮುರಿದ ಮೂಳೆ ನೋವು ಮರೆಸಿದಂತೆ. ದಪ್ಪ ಎಣ್ಣೆ ಸಂದುಗಳಿಗೆ ಬೇಗ ಇಳಿಯುವುದಿಲ್ಲ, ಬಳೆ ಅದನ್ನು ಹಿಂಡಿ ಆಚೆ ತಳ್ಳಲು ತಡವಾಗುತ್ತದೆ, ಗೇರ್ ಬೀಳುವುದು ಕಷ್ಟ. ಹಳೆಯ ಕಾರು ಮಾರುವ ಕೆಲವರು ಇನ್ನೂ ಮುಂದೆ ಹೋಗಿ ಗರಗಸದ ಹೊಟ್ಟು ಬೆರೆಸುತ್ತಿದ್ದ ಕಾಲವಿತ್ತು, ಬಾಳೆಹಣ್ಣು ಹಾಕುತ್ತಿದ್ದರು ಅಂತಲೂ ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮೊದಲ ವಾರದಲ್ಲೇ ಗೇರ್‌ಬಾಕ್ಸ್ ಎಣ್ಣೆ ಬಸಿಸಿ ನೋಡಬೇಕು. ಒಳಗೆ ಏನಿದೆ ಅಂತ ತಿಳಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಮಾಡಬಾರದ್ದು: ಒಂದು ಡಬ್ಬದ್ದು ಇನ್ನೊಂದಕ್ಕೆ

ಬೈಕಿನಲ್ಲಿ ಇಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ ನಡೆಯುತ್ತದೆ, ಕಾರಿಗೇಕೆ ಬೇಡ ಅನ್ನಬೇಡಿ. ಇಂಜಿನ್ ಆಯಿಲ್ ಅಥವಾ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಕುಡಿಯುವ ಮ್ಯಾನುಯಲ್ ಗೇರ್‌ಬಾಕ್ಸ್‌ಗಳು ಲೋಕದಲ್ಲಿವೆ. ಬಿಎಂಡಬ್ಲ್ಯೂ ಎಷ್ಟೋ ಮಾಡೆಲ್ಲುಗಳಿಗೆ ಎಟಿಎಫ್ ಹೇಳಿದ್ದಿದೆ. ನಿಮ್ಮ ಪುಸ್ತಕ ಹೇಳಿದ್ದರೆ ಹಾಕಿ, ಇಲ್ಲದಿದ್ದರೆ ಇಲ್ಲ.

ಎಎಂಟಿಯವರಿಗೆ ಹೇಳಬೇಕಿದ್ದದ್ದು ಇದೇ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮಲ್ಲಿ ಹರಡಿದ ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಹಲ್ಲು, ಅದೇ ಬಳೆ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೈಕಾಲು ಮಾತ್ರ ಯಂತ್ರದ್ದು. ಕ್ಲಚ್ ಪೆಡಲ್ ಇಲ್ಲ, ಆಟೋಮ್ಯಾಟಿಕ್ ತಾನೇ ಅಂತ ಎಟಿಎಫ್ ತುಂಬಿಸಿಕೊಂಡು ಬರಬೇಡಿ. ಹೈಡ್ರಾಲಿಕ್ ಎಎಂಟಿಯಲ್ಲಿ ಆ ಯಂತ್ರಕ್ಕೆ ಪ್ರತ್ಯೇಕ ದ್ರವದ ಸಣ್ಣ ಡಬ್ಬಿ ಇರುತ್ತದೆ, ಅದನ್ನು ಬಲ್ಲವರಿಗೇ ಬಿಡಿ.

ಬಾನೆಟ್ ಎತ್ತಿದಾಗ ಕಾಣುವ 'ಕ್ಲಚ್ ಆಯಿಲ್' ಡಬ್ಬಿಯಲ್ಲಿರುವುದು ಬ್ರೇಕ್ ಫ್ಲೂಯಿಡ್. ಅದಕ್ಕೆ ಗೇರ್ ಆಯಿಲ್‌ನ ಒಂದು ತೊಟ್ಟೂ ತಾಗಬಾರದು. ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಕೆಡುತ್ತವೆ. ಬ್ರೇಕಿಗೂ ಕ್ಲಚ್ಚಿಗೂ ಡಬ್ಬಿ ಒಂದೇ ಆಗಿರುವ ಕಾರುಗಳಲ್ಲಿ ಹೋಗುವುದು ಬರಿಯ ಕ್ಲಚ್ ಅಲ್ಲ.

ಮಾಡಬೇಕಾದ್ದು: ತುಂಬುವ ನಟ್ ಮೊದಲು, ಬಸಿಯುವ ನಟ್ ಆಮೇಲೆ

ಮೇಲೆ ತುಂಬುವ ನಟ್ ಬಿಚ್ಚಿಕೊಳ್ಳುತ್ತದೆ ಅಂತ ಖಾತ್ರಿಯಾದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಬೇಕು. ತುಕ್ಕು ಹಿಡಿದು ಅದು ಕದಲದಿದ್ದರೆ, ಇದ್ದ ಎಣ್ಣೆಯನ್ನೂ ಬಸಿದುಕೊಂಡು, ಹೊಸದು ಹಾಕಲು ದಾರಿ ಕಾಣದೆ ಕಾರು ರಾಂಪಿನ ಮೇಲೆ ಕೂತಿರುತ್ತದೆ. ಕಂಡಿದ್ದೇನೆ.

ಐದಾರು ಕಿಲೋಮೀಟರ್ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಬಸಿಯಿರಿ. ಕಾರು ಸಮತಟ್ಟಾಗಿರಲಿ. ಮುಂದಿನ ಚಕ್ರ ಮಾತ್ರ ಜಾಕಿ ಎತ್ತಿ, ಓರೆಯಾಗಿ ನಿಲ್ಲಿಸಿ ತುಂಬಿದರೆ ಅಳತೆ ತಪ್ಪುತ್ತದೆ. ಬರಿಯ ಜಾಕಿಯ ನಂಬಿಕೆಯಲ್ಲಿ ಯಾರೂ ಅಡಿಗೆ ನುಗ್ಗಬಾರದು, ಸ್ಟ್ಯಾಂಡ್ ಬೇಕೇ ಬೇಕು. ಬಸಿಯುವ ನಟ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ, ಒರೆಸಿ ಹಾಕಿ. ಚಕ್ಕೆ ಸಿಕ್ಕರೆ, ಹಲ್ಲಿನ ಚೂರು ಸಿಕ್ಕರೆ, ಆ ಎಣ್ಣೆ ಚೆಲ್ಲಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಹೊಸ ವಾಷರ್ ಹಾಕಿ. ನಟ್ ಬಿಗಿ ಮಾಡುವಾಗ ಗೂಡು ಅಲ್ಯೂಮಿನಿಯಂ ಅನ್ನುವುದು ನೆನಪಿರಲಿ. ತೋಳಿನ ಬಲ ತೋರಿಸಿದರೆ ಥ್ರೆಡ್ ಕಿತ್ತು ಬರುತ್ತದೆ.

ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಬಂದು ತೊಟ್ಟಿಕ್ಕಿದರೆ ಸಾಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ, ನಿಮ್ಮದರ ಖಚಿತ ಲೆಕ್ಕ ಚೀಟಿಯಲ್ಲಿದೆ. ಡಬ್ಬದಲ್ಲಿ ಉಳಿದದ್ದನ್ನೂ ಸುರಿದುಬಿಡೋಣ ಅನ್ನಬೇಡಿ. ಹೆಚ್ಚಾದರೆ ನೊರೆ ಏಳುತ್ತದೆ, ಸೀಲಿನಿಂದ ಹೊರಬಂದು ಕ್ಲಚ್ ಪ್ಲೇಟಿಗೂ ತಾಗಬಹುದು. ಕಡಿಮೆಯಾದರೆ ಮೇಲಿನ ಗೇರುಗಳೂ ಬೇರಿಂಗುಗಳೂ ಬಾಯಾರುತ್ತವೆ.

ಮಾಡಬಾರದ್ದು: ಬ್ಯಾರೆಲ್ಲಿನ ಬಿಡಿ ಎಣ್ಣೆ, ಅದ್ಭುತ ಸೀಸೆ

ಬಿಡಿ ಎಣ್ಣೆಗೆ ಲೇಬಲ್ ಇಲ್ಲ, ಲೇಬಲ್ ಇಲ್ಲದ ಎಣ್ಣೆಗೆ ದರ್ಜೆ ಇಲ್ಲ. ಸೀಲ್ ಇರುವ ಡಬ್ಬ, ಬಿಲ್ಲು, ನಿಮ್ಮ ಕಣ್ಣೆದುರೇ ಸೀಲ್ ಒಡೆಯುವುದು: ಮೂರೂ ಬೇಕು. ಮೇಲಿನಿಂದ ಬೆರೆಸುವ ಸಣ್ಣ ಸೀಸೆಗಳಿಗೆ ದುಡ್ಡು ಕೊಡಬೇಡಿ. ಜಾರಿಕೆ ಹೆಚ್ಚಿಸುತ್ತೇವೆ ಅನ್ನುವುದೇ ಅವುಗಳ ಹೆಗ್ಗಳಿಕೆ, ಬಳೆಗೆ ಬೇಡವಾದದ್ದೂ ಅದೇ.

ಮಾಡಬೇಕಾದ್ದು: ನೀರಿನಲ್ಲಿ ನಿಂತ ಕಾರಿನ ಎಣ್ಣೆ ಬದಲಿಸಿ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಕಾರುಗಳು ಮುಳುಗಿ ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ಎಲ್ಲರ ಚಿಂತೆಯೂ ಇಂಜಿನ್ನಿನದು, ಸೀಟಿನದು. ಗೇರ್‌ಬಾಕ್ಸಿಗೂ ಉಸಿರಾಡುವ ಬ್ರೀದರ್ ಇದೆ. ಬಿಸಿಯಾದ ಗೂಡು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಆ ದಾರಿಯಲ್ಲಿ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಬಸಿದ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಅಂತಲೇ ಅರ್ಥ. ಒಂದು ಸಲ ಬದಲಿಸಿದರೆ ಸಾಲದು. ಸ್ವಲ್ಪ ಓಡಿಸಿ, ಮತ್ತೆ ಬಸಿದು ನೋಡಿ.

ಉಳಿದಂತೆ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದೂ ಪುಸ್ತಕದಲ್ಲೇ ಇದೆ. 'ಜೀವಮಾನಕ್ಕೆ ಸಾಕು' ಅಂತ ಬರೆದಿದ್ದರೂ ಯಾರ ಜೀವಮಾನ ಅಂತ ಬರೆದಿರುವುದಿಲ್ಲ. ಅಂಥ ಕಾರಿನಲ್ಲೂ ಘಟ್ಟದ ಓಡಾಟ, ಊರಿನ ಟ್ರಾಫಿಕ್ ಹೆಚ್ಚಿದ್ದರೆ ಒಮ್ಮೆಯಾದರೂ ಬದಲಿಸುವವನು ನಾನು.

ಮಾಡಬಾರದ್ದು: ಎಣ್ಣೆಯಿಂದ ರೋಗ ವಾಸಿಯಾಗುತ್ತದೆ ಅಂದುಕೊಳ್ಳಬಾರದು

ಸವೆದ ಬಳೆಯನ್ನು ಯಾವ ಎಣ್ಣೆಯೂ ಬೆಳೆಸುವುದಿಲ್ಲ. ನಾನು ಸರಿಯಾದ ಎಣ್ಣೆಗೆ ಮರಳಿದ ಮೇಲೆ ಕೂಗು ಅರ್ಧಕ್ಕೆ ಇಳಿಯಿತು, ನಿಲ್ಲಲಿಲ್ಲ. ಕೊನೆಗೆ ಗೇರ್‌ಬಾಕ್ಸ್ ಇಳಿಸಿ ಎರಡು ಬಳೆ ಹಾಕಿಸಿದೆ. ಗೇರ್ ಬೀಳದಿರುವುದಕ್ಕೆ ಕ್ಲಚ್ ಪೂರ್ತಿ ಬಿಡದಿರುವುದೂ ಕಾರಣವಿರಬಹುದು, ಕೇಬಲ್ ಸಡಿಲವಿರಬಹುದು. ಎಣ್ಣೆಯನ್ನು ದೂರುವ ಮುಂಚೆ ಅವನ್ನೂ ನೋಡಿಸಿ.

ಹಳೆ ಎಣ್ಣೆ

ಬೇಲಿಗೂಟಕ್ಕೆ, ತೊಲೆಗೆ ಗೆದ್ದಲು ಹತ್ತದಿರಲಿ ಅಂತ ಹಳೆ ಎಣ್ಣೆ ಬಳಿಯುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಊರುಗಳಲ್ಲಿ ಮೋರಿಗೆ ಸುರಿಯುತ್ತಾರೆ, ಅಲ್ಲಿಂದ ಅದು ಕೆರೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅದು ಸೇರಬೇಕಾದ್ದು ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ. ಮನೆಯಲ್ಲೇ ಬದಲಿಸಿಕೊಂಡವರು ಬಸಿದ ಎಣ್ಣೆಯನ್ನು ಹೊಸ ಎಣ್ಣೆಯ ಖಾಲಿ ಡಬ್ಬಕ್ಕೇ ತುಂಬಿ, ಮುಚ್ಚಳ ಬಿಗಿದು, ಅಂಥವರಿಗೆ ಕೊಡುವ ಸರ್ವಿಸ್ ಸೆಂಟರಿಗೆ ತಲುಪಿಸಿ ಬನ್ನಿ.